‘ಮೇಟ್’ ಎಂದರೆ ಯಾರು, ಯಾರಲ್ಲ?

ಆಸ್ಟ್ರೇಲಿಯದಲ್ಲಿ ನೆಲೆಸಲು ವೀಸಾ ಕೇಳುವವರು, ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರಾಗಲಿ ಮಂಗಳೂರಿನ ನರ್ಸ್ ಆಗಲಿ, ಒಂದು ಹೇಳಿಕೆಗೆ ಒಪ್ಪಿಗೆ ಸೂಚಿಸಬೇಕು. ಆ ದೇಶದ ಮೌಲ್ಯಗಳನ್ನು ಗೌರವಿಸುತ್ತೇನೆ ಎಂಬ ಹೇಳಿಕೆ ಅದು. ವ್ಯಕ್ತಿ ಸ್ವಾತಂತ್ರ್ಯ, ಧರ್ಮ ಸ್ವಾತಂತ್ರ್ಯ, ಕಾನೂನಿನ ಆಳ್ವಿಕೆ, ಸ್ತ್ರೀ ಪುರುಷ ಸಮಾನತೆ ಎಲ್ಲವೂ ಅದರಲ್ಲಿವೆ. ಯಾವ ಪ್ರಜಾಪ್ರಭುತ್ವದ ಕಾಗದದಲ್ಲಾದರೂ ಕಾಣಬಹುದಾದ ಮಾತುಗಳೇ. ಆದರೆ ಅವುಗಳ ನಡುವೆ ಒಂದು ಪದ ಮಾತ್ರ ಬೇರೆ ಜಾತಿಯದು: ‘ಫೇರ್ ಗೋ’. ಇದು ಕಾನೂನು ಪುಸ್ತಕದಲ್ಲಿ ಹುಟ್ಟಿದ ಪದವಲ್ಲ. ಪಬ್ಬು, ಕುರಿಯ ಉಣ್ಣೆ ಕತ್ತರಿಸುವ ಕೊಟ್ಟಿಗೆ, ಆಟದ ಮೈದಾನ ಇವುಗಳ ಪದ. ಯಾರನ್ನೂ ಮೂಲೆಗೆ ತಳ್ಳಬೇಡ, ಅವನಿಗೂ ಒಂದು ಸರಿಯಾದ ಅವಕಾಶ ಕೊಡು ಎಂದು ಅದರ ಅರ್ಥ.

ಇದರ ಜೊತೆಜೊತೆಗೇ ಬರುವ ಇನ್ನೊಂದು ಪದ ‘ಮೇಟ್’. ಬೆಂಗಳೂರಿನ ‘ಗುರು’, ಕರಾವಳಿಯ ‘ಮಾರಾಯ’, ಧಾರವಾಡದ ‘ದೋಸ್ತ’ ಮೂರನ್ನೂ ಬೆರೆಸಿದರೆ ಅದರ ರುಚಿ ಸ್ವಲ್ಪ ಸಿಕ್ಕೀತು. ಅಂಗಡಿಯವನು ಗಿರಾಕಿಯನ್ನು, ಪೊಲೀಸಿನವನು ಕಾರು ಓಡಿಸುವವನನ್ನು, ಕೈ ಕೈ ಮಿಲಾಯಿಸಲು ನಿಂತವನು ಎದುರಾಳಿಯನ್ನೂ ಹಾಗೆಯೇ ಕರೆಯುತ್ತಾನೆ. ಇದರಿಂದ ಹುಟ್ಟಿದ ‘ಮೇಟ್‌ಶಿಪ್’ ಎಂಬುದನ್ನು ಸಂವಿಧಾನದ ಪೀಠಿಕೆಗೇ ಸೇರಿಸಬೇಕೆಂದು 1999ರಲ್ಲಿ ಆಗಿನ ಪ್ರಧಾನಿ ಜಾನ್ ಹೋವರ್ಡ್ ಹೊರಟಿದ್ದರು. ಕವಿ ಲೆಸ್ ಮರ್ರೆ ಜೊತೆ ಸೇರಿ ಸಿದ್ಧಪಡಿಸಿದ ಕರಡಿನಲ್ಲಿ ಅದಿತ್ತು. ಇದು ಗಂಡಸರ ಪದ, ಹೆಂಗಸರಿಗೆ ಇದರಲ್ಲಿ ಜಾಗವೆಲ್ಲಿ ಎಂಬ ಆಕ್ಷೇಪ ಎದ್ದಿತು. ಅಂತಿಮ ಕರಡಿನಿಂದ ಪದ ಬಿದ್ದುಹೋಯಿತು. ಆ ವರ್ಷ ನವೆಂಬರ್ 6ರಂದು ನಡೆದ ಜನಮತಗಣನೆಯಲ್ಲಿ ಇಡೀ ಪೀಠಿಕೆಯೇ ಬಿದ್ದುಹೋಯಿತು.

ಆ ಆಕ್ಷೇಪದಲ್ಲಿ ಆಸ್ಟ್ರೇಲಿಯದ ಹಳೆಯ ಜಗಳವೊಂದು ಅಡಗಿದೆ. ಸಮಾನತೆ ಬೇಕೋ ಬೇಡವೋ ಎಂದು ಅಲ್ಲಿ ವಾದಿಸುವವರು ಕಡಿಮೆ. ಸಮಾನರ ಪಟ್ಟಿಯಲ್ಲಿ ಯಾರ ಯಾರ ಹೆಸರಿರಬೇಕು ಎಂಬುದರಲ್ಲೇ ಇನ್ನೂರು ವರ್ಷಗಳಿಂದ ತಕರಾರು.

ಮುಂದಿನ ಸೀಟು

ಟ್ಯಾಕ್ಸಿ ಹತ್ತುವ ಒಂಟಿ ಪ್ರಯಾಣಿಕ ಚಾಲಕನ ಪಕ್ಕದ ಸೀಟಿನಲ್ಲಿ ಕೂರುವುದು ಆಸ್ಟ್ರೇಲಿಯನ್ನರ ಹಳೆಯ ರೂಢಿ. ಹಿಂದೆ ಕೂತರೆ ‘ನಾನು ಯಜಮಾನ, ನೀನು ಆಳು’ ಎಂದಂತೆ. ನಗರಗಳಲ್ಲಿ ಈ ರೂಢಿ ಈಗ ಸಡಿಲಾಗಿದೆ, ಆದರೂ ಅದರ ಹಿಂದಿನ ಮನೋಭಾವ ಹೋಗಿಲ್ಲ. ಮೇಲಧಿಕಾರಿಯನ್ನು ಹೆಸರು ಹಿಡಿದೇ ಕರೆಯುತ್ತಾರೆ. ‘ಸರ್’ ಎಂದು ಎದ್ದು ನಿಲ್ಲುವ ನಮ್ಮ ಹುಡುಗರಿಗೆ ಮೊದಲ ತಿಂಗಳು ಇದು ಗಂಟಲಲ್ಲಿ ಸಿಕ್ಕಿಕೊಳ್ಳುವ ತುತ್ತು. ಹೋಟೆಲ್ ಮಾಣಿಗೆ ಟಿಪ್ಸ್ ಕೊಡಲೇಬೇಕೆಂಬ ಕಟ್ಟುಪಾಡಿಲ್ಲ. ಅವನಿಗೆ ಸಂಬಳ ಸರಿಯಾಗಿ ಬರಬೇಕು, ಗಿರಾಕಿಯ ದಯೆಯಿಂದಲ್ಲ ಎಂಬ ಲೆಕ್ಕಾಚಾರ. ಪಬ್ಬಿನಲ್ಲಿ ನಾಲ್ವರು ಕೂತರೆ ಒಬ್ಬೊಬ್ಬರು ಒಂದೊಂದು ಸರದಿ ಎಲ್ಲರಿಗೂ ಕೊಡಿಸಬೇಕು. ಇದಕ್ಕೆ ‘ಶೌಟ್’ ಎನ್ನುತ್ತಾರೆ. ಮೂರು ಸರದಿ ಕುಡಿದು ತನ್ನ ಸರದಿ ಬಂದಾಗ ಎದ್ದು ಹೋಗುವವನ ಹೆಸರು ಊರಲ್ಲೆಲ್ಲ ಕೆಡುತ್ತದೆ.

ಭಾಷೆಯೂ ಹಾಗೆಯೇ. ಮಧ್ಯಾಹ್ನ ‘ಆರ್ವೋ’ ಆಗುತ್ತದೆ, ಬಾರ್ಬೆಕ್ಯೂ ‘ಬಾರ್ಬಿ’, ಬಡಗಿ ಪ್ಲಂಬರ್ ಮೊದಲಾದ ಕಸುಬಿನವರು ‘ಟ್ರೇಡಿ’, ಬೆಂಕಿ ಆರಿಸುವವ ‘ಫೈರಿ’. ದೊಡ್ಡ ಪದಗಳನ್ನು ಮೊಟಕು ಮಾಡುವ ಈ ಚಟ ದೊಡ್ಡ ಮನುಷ್ಯರನ್ನು ಮೊಟಕು ಮಾಡುವ ಚಟದ ತಮ್ಮ. ತೋಟದಲ್ಲಿ ಉಳಿದವಕ್ಕಿಂತ ಎತ್ತರ ಬೆಳೆದ ಗಸಗಸೆ ಗಿಡದ ತಲೆ ಕತ್ತರಿಸಬೇಕು ಎಂಬುದು ಅಲ್ಲಿನ ಮಾತು. ಗೆದ್ದವನನ್ನು ಮೆಚ್ಚುತ್ತಾರೆ, ಗೆದ್ದೆ ಎಂದು ಎದೆ ಉಬ್ಬಿಸಿದವನನ್ನು ಸಹಿಸುವುದಿಲ್ಲ. 1983ರಿಂದ 1991ರವರೆಗೆ ಪ್ರಧಾನಿಯಾಗಿದ್ದ ಬಾಬ್ ಹಾಕ್ ವಿದ್ಯಾರ್ಥಿಯಾಗಿದ್ದಾಗ ಆಕ್ಸ್‌ಫರ್ಡಿನಲ್ಲಿ ಬಿಯರು ಬೇಗ ಕುಡಿದು ದಾಖಲೆ ಮಾಡಿದ್ದರು. ತಮ್ಮ ರಾಜಕೀಯ ಯಶಸ್ಸಿಗೆ ಇದೂ ಕಾರಣವಿರಬೇಕೆಂದು ಆತ್ಮಕಥೆಯಲ್ಲಿ ಅವರೇ ಬರೆದುಕೊಂಡರು. ನಮ್ಮಲ್ಲಿ ಇದೇ ಸಂಗತಿ ಹೊರಬಿದ್ದರೆ ರಾಜೀನಾಮೆ ಕೇಳುತ್ತಿದ್ದರು.

ಆದರೆ ಈ ಸಲಿಗೆಯ ಪಬ್ಬಿನಲ್ಲಿ ಎಲ್ಲರಿಗೂ ಪ್ರವೇಶವಿರಲಿಲ್ಲ. ಕ್ವೀನ್ಸ್‌ಲೆಂಡ್‌ನಲ್ಲಿ ಪಬ್ಬಿನ ಮುಖ್ಯ ಬಾರಿನಲ್ಲಿ ಹೆಂಗಸರಿಗೆ ಮದ್ಯ ಕೊಡುವುದು ಕಾನೂನುಬಾಹಿರವಾಗಿತ್ತು. 1965ರ ಮಾರ್ಚ್ 31ರಂದು ಮರ್ಲ್ ಥಾರ್ನ್‌ಟನ್ ಮತ್ತು ರೊಸಾಲಿ ಬಾಗ್ನರ್ ಎಂಬ ಇಬ್ಬರು ಬ್ರಿಸ್ಬೇನಿನ ರೆಗಟ್ಟಾ ಹೋಟೆಲಿಗೆ ನುಗ್ಗಿ, ಬಾರಿನ ಕಂಬಿಗೆ ತಮ್ಮನ್ನು ಸರಪಳಿಯಿಂದ ಬಿಗಿದುಕೊಂಡು, ನಮಗೂ ಒಂದು ಗ್ಲಾಸು ಕೊಡಿ ಎಂದು ಕೂತರು. ಹೆಣ್ಣುಮಕ್ಕಳಿಗೆ 1894ರಲ್ಲೇ ಮತದ ಹಕ್ಕು ಮತ್ತು ಶಾಸನಸಭೆಗೆ ನಿಲ್ಲುವ ಹಕ್ಕು ಎರಡನ್ನೂ ಕೊಟ್ಟ ದಕ್ಷಿಣ ಆಸ್ಟ್ರೇಲಿಯ ಇರುವ ದೇಶವೂ ಇದೇ!

ಶ್ರೀರಂಗಪಟ್ಟಣದಿಂದ ಸಿಡ್ನಿಗೆ

ಈ ಸ್ವಭಾವದ ಬೇರು ಹುಡುಕುವವರೆಲ್ಲ ಮೊದಲು ಹೋಗುವುದು ಕೈದಿಗಳ ಹಡಗಿಗೆ. 1787ರ ಮೇ ತಿಂಗಳಲ್ಲಿ ಇಂಗ್ಲೆಂಡಿನಿಂದ ಹೊರಟ 11 ಹಡಗುಗಳು 1788ರ ಜನವರಿಯಲ್ಲಿ ಆಸ್ಟ್ರೇಲಿಯ ತಲುಪಿದವು. ಅದೇ ತಿಂಗಳ 26ರಂದು ಸಿಡ್ನಿಯ ತೀರದಲ್ಲಿ ಬ್ರಿಟಿಷ್ ಬಾವುಟ ಏರಿತು. ಹಡಗಿನಲ್ಲಿದ್ದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಕೈದಿಗಳು. 1868ರಲ್ಲಿ ಕೊನೆಯ ಹಡಗು ಬರುವ ಹೊತ್ತಿಗೆ ಹೀಗೆ ಗಡೀಪಾರಾಗಿ ಬಂದವರ ಸಂಖ್ಯೆ ಸುಮಾರು 1 ಲಕ್ಷ 60 ಸಾವಿರ. ಹೆಚ್ಚಿನವರು ಮಾಡಿದ್ದು ಸಣ್ಣಪುಟ್ಟ ಕಳ್ಳತನ. ಬೆನ್ನಿಗೆ ಚಾಟಿ, ಕಾಲಿಗೆ ಸಂಕೋಲೆ ಇರುವಲ್ಲಿ ಪಕ್ಕದವನನ್ನು ಹಿಡಿದುಕೊಡದಿರುವುದೇ ಮೊದಲ ನೀತಿ. ‘ಜೊತೆಗಾರ’ ಎಂಬ ಪದಕ್ಕೆ ತೂಕ ಬಂದದ್ದು ಅಲ್ಲಿಂದ.

ಶಿಕ್ಷೆ ಮುಗಿದವನಿಗೆ ಮುಂದೇನು ಎಂಬ ಪ್ರಶ್ನೆಗೆ ಉತ್ತರ ಕೊಟ್ಟವನು 1810ರಿಂದ 1821ರವರೆಗೆ ಗವರ್ನರ್ ಆಗಿದ್ದ ಲಾಕ್ಲನ್ ಮೆಕ್ವಾರಿ. ಈತ ನಮಗೆ ಅಪರಿಚಿತನೇನಲ್ಲ. ಮೊದಲ ಹಡಗುಗಳು ಸಿಡ್ನಿ ಮುಟ್ಟಿದ ವರ್ಷವೇ ಈತ ಸೈನ್ಯಾಧಿಕಾರಿಯಾಗಿ ಬೊಂಬಾಯಿಗೆ ಬಂದಿಳಿದ. 1799ರಲ್ಲಿ ಟಿಪ್ಪು ಮಡಿದ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಇದ್ದ, ಅದನ್ನು ದಿನಚರಿಯಲ್ಲಿ ಬರೆದಿಟ್ಟ. ಇಂಥವನು ಸಿಡ್ನಿಗೆ ಹೋಗಿ, ಶಿಕ್ಷೆ ಮುಗಿಸಿದ ಕೈದಿ ಮತ್ತೆ ಸಮಾಜದಲ್ಲಿ ತನ್ನ ಜಾಗಕ್ಕೆ ಅರ್ಹ ಎಂದು ಸಾರಿದ. ಮಾಜಿ ಕೈದಿಗಳನ್ನು ಮ್ಯಾಜಿಸ್ಟ್ರೇಟರನ್ನಾಗಿ ನೇಮಿಸಿದ, ತನ್ನ ಊಟದ ಮೇಜಿಗೆ ಕರೆದ. ಸ್ವಂತ ಹಣದಲ್ಲಿ ಬಂದು ನೆಲೆಸಿದ್ದ ಶ್ರೀಮಂತರಿಗೆ ಪಿತ್ತ ನೆತ್ತಿಗೇರಿತು. ಖೋಟಾ ದಾಖಲೆ ಸೃಷ್ಟಿಸಿ ಗಡೀಪಾರಾಗಿದ್ದ ಫ್ರಾನ್ಸಿಸ್ ಗ್ರೀನ್‌ವೇ ಎಂಬ ವಾಸ್ತುಶಿಲ್ಪಿಯನ್ನು ಮೆಕ್ವಾರಿ ಸರ್ಕಾರಿ ವಾಸ್ತುಶಿಲ್ಪಿ ಮಾಡಿದ. ಅವನು ಕಟ್ಟಿದ ಹೈಡ್ ಪಾರ್ಕ್ ಬ್ಯಾರಕ್ಸ್ ಇಂದು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. 1966ರಲ್ಲಿ ಡಾಲರ್ ಬಂದಾಗ ಹತ್ತು ಡಾಲರಿನ ನೋಟಿನ ಮೇಲೆ ಗ್ರೀನ್‌ವೇ ಚಿತ್ರ ಅಚ್ಚಾಯಿತು. ಖೋಟಾ ಕೇಸಿನವನ ಮುಖ ಕರೆನ್ಸಿ ನೋಟಿನ ಮೇಲೆ! ಎರಡನೇ ಅವಕಾಶ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಜಾಹೀರಾತು ಬೇಕಿಲ್ಲ.

ಮೆಕ್ವಾರಿಯ ಕಥೆಗೆ ಇನ್ನೊಂದು ಮಗ್ಗುಲೂ ಉಂಟು. 1795ರಲ್ಲಿ ಕೊಚ್ಚಿಯಲ್ಲಿ ಈತ ಇಬ್ಬರು ಹುಡುಗರನ್ನು ಗುಲಾಮರಾಗಿ ಕೊಂಡುಕೊಂಡಿದ್ದ. ಅವರಲ್ಲೊಬ್ಬ ಜಾರ್ಜ್ ಜಾರ್ವಿಸ್ ಎಂಬ ಹೆಸರಿನಲ್ಲಿ ಅವನ ಸೇವಕನಾಗಿ ಸಿಡ್ನಿಗೂ ಹೋದ. ಅದಕ್ಕಿಂತ ಘೋರವಾದದ್ದು 1816ರ ಏಪ್ರಿಲ್ 17ರಂದು ಸಿಡ್ನಿಗೆ ನೈಋತ್ಯದ ಆ್ಯಪಿನ್ ಬಳಿ ನಡೆಯಿತು. ಮೂಲನಿವಾಸಿಗಳನ್ನು ಹಿಡಿದು ದಂಡಿಸಲು ಮೆಕ್ವಾರಿ ಕಳಿಸಿದ್ದ ಸೈನಿಕರು ರಾತ್ರಿಯ ಹೊತ್ತು ಅವರ ಬೀಡಿನ ಮೇಲೆ ಬಿದ್ದರು. ಗುಂಡಿಗೆ ಸಿಕ್ಕಿ, ಕಡಿದಾದ ಬಂಡೆಯಿಂದ ಉರುಳಿ ಕನಿಷ್ಠ 14 ಮಂದಿ ಸತ್ತರು. ಅವರಲ್ಲಿ ಹೆಂಗಸರೂ ಮಕ್ಕಳೂ ಇದ್ದರು. ಕೈದಿಗೆ ಊಟದ ಮೇಜು, ನೆಲದ ಒಡೆಯನಿಗೆ ಕೋವಿ. ಇವೆರಡೂ ಒಂದೇ ಕೈಯ ಕೆಲಸ.

ಚಿನ್ನದ ಗುಂಡಿಗಳು

1851ರಲ್ಲಿ ಚಿನ್ನ ಸಿಕ್ಕಿತು. ಜಗತ್ತಿನ ಮೂಲೆ ಮೂಲೆಯಿಂದ ಜನ ಬಂದರು. ಗುಂಡಿ ತೋಡಲು ತಿಂಗಳಿಗೆ 30 ಶಿಲಿಂಗ್ ಲೈಸೆನ್ಸ್ ಶುಲ್ಕ. ಚಿನ್ನ ಸಿಕ್ಕರೂ ಅಷ್ಟೆ, ಕಲ್ಲು ಸಿಕ್ಕರೂ ಅಷ್ಟೆ. ಜೊತೆಗೆ ಮತದ ಹಕ್ಕಿಲ್ಲ. ಬ್ಯಾಲರಾಟ್‌ನಲ್ಲಿ ಗುಂಡಿ ತೋಡುವವರು ಲೈಸೆನ್ಸುಗಳನ್ನು ಬೆಂಕಿಗೆ ಹಾಕಿ, ಸದರ್ನ್ ಕ್ರಾಸ್ ನಕ್ಷತ್ರಗಳ ಬಾವುಟ ಏರಿಸಿ, ಯುರೇಕಾ ಎಂಬಲ್ಲಿ ಮರದ ದಿಮ್ಮಿಗಳ ಕೋಟೆ ಕಟ್ಟಿದರು. 1854ರ ಡಿಸೆಂಬರ್ 3ರ ಭಾನುವಾರ ನಸುಕಿನಲ್ಲಿ ಸೈನ್ಯ ಮೇಲೆ ಬಿತ್ತು. ಅರ್ಧ ಗಂಟೆಯೊಳಗೆ ಎಲ್ಲ ಮುಗಿಯಿತು. ಆದರೆ ರಾಜದ್ರೋಹದ ಆಪಾದನೆ ಹೊತ್ತ 13 ಮಂದಿಯಲ್ಲಿ ಒಬ್ಬನನ್ನೂ ಜ್ಯೂರಿ ತಪ್ಪಿತಸ್ಥನೆನ್ನಲಿಲ್ಲ. ಹೋರಾಟದಲ್ಲಿ ತೋಳು ಕಳೆದುಕೊಂಡ ನಾಯಕ ಪೀಟರ್ ಲೇಲರ್ ಮರುವರ್ಷವೇ ಶಾಸನಸಭೆಯಲ್ಲಿ ಕೂತ. 1856ರಲ್ಲಿ ವಿಕ್ಟೋರಿಯ ಮತ್ತು ದಕ್ಷಿಣ ಆಸ್ಟ್ರೇಲಿಯ ಗುಪ್ತ ಮತದಾನ ಜಾರಿಗೆ ತಂದವು. ಸರ್ಕಾರವೇ ಮತಪತ್ರ ಅಚ್ಚು ಮಾಡಿ ಕೊಡುವ ಈ ಪದ್ಧತಿಗೆ ಬಹುಕಾಲ ಜಗತ್ತು ‘ಆಸ್ಟ್ರೇಲಿಯನ್ ಬ್ಯಾಲಟ್’ ಎಂದೇ ಹೆಸರಿಟ್ಟಿತ್ತು.

ಅಲ್ಲಿ ಮತದಾನ ಇಂದಿಗೂ ಒಂದು ಹಬ್ಬ. 1924ರಿಂದ ಕಡ್ಡಾಯ, ಸಂಸತ್ತಿನ ಚುನಾವಣೆಯಲ್ಲಿ ಕಾರಣವಿಲ್ಲದೆ ತಪ್ಪಿಸಿಕೊಂಡರೆ 20 ಡಾಲರ್ ದಂಡ. ಶನಿವಾರ ಶಾಲೆಯ ಅಂಗಳದ ಮತಗಟ್ಟೆಯಲ್ಲಿ ಪೋಷಕರು ಸಾಸೇಜ್ ಸುಟ್ಟು ಬ್ರೆಡ್ಡಿನಲ್ಲಿ ಸುತ್ತಿ ಮಾರಿ ಶಾಲೆಗೆ ಹಣ ಕೂಡಿಸುತ್ತಾರೆ. ಮತಗಟ್ಟೆಯ ಹತ್ತಿರ ಉಪ್ಪಿಟ್ಟು ಹಂಚಿದರೂ ಕೇಸು ಬೀಳುವ ನಮ್ಮ ನೀತಿ ಸಂಹಿತೆಯವರು ಇದನ್ನು ನೋಡಬೇಕು.

ಯುರೇಕಾದ ಮರುವರ್ಷ, 1855ರಲ್ಲಿ, ಅದೇ ವಿಕ್ಟೋರಿಯ ಹಡಗಿನಲ್ಲಿ ಬಂದಿಳಿಯುವ ಪ್ರತಿ ಚೀನೀಯನ ತಲೆಯ ಮೇಲೆ 10 ಪೌಂಡ್ ತೆರಿಗೆ ಹಾಕಿತು. ಚೀನೀಯರು ಪಕ್ಕದ ದಕ್ಷಿಣ ಆಸ್ಟ್ರೇಲಿಯದ ರೋಬ್ ಎಂಬ ಬಂದರಿನಲ್ಲಿ ಇಳಿದು, ಬಿದಿರ ಅಡ್ಡೆಗೆ ಸಾಮಾನು ತೂಗುಹಾಕಿ, ನೂರಾರು ಕಿಲೊಮೀಟರ್ ನಡೆದು ಚಿನ್ನದ ಗುಂಡಿ ತಲುಪಿದರು. 30 ಶಿಲಿಂಗಿನ ಅನ್ಯಾಯದ ವಿರುದ್ಧ ಬಂದೂಕು ಎತ್ತಿದವರಲ್ಲಿ ಈ 10 ಪೌಂಡಿನ ಬಗ್ಗೆ ಬಂಡೆದ್ದವರು ಕಾಣಲಿಲ್ಲ. 1861ರ ಜೂನ್ 30ರಂದು ನ್ಯೂ ಸೌತ್ ವೇಲ್ಸ್‌ನ ಲ್ಯಾಂಬಿಂಗ್ ಫ್ಲ್ಯಾಟ್‌ನಲ್ಲಿ ಬಿಳಿಯ ಗುಂಡಿಗಾರರ ಗುಂಪು ಚೀನೀಯರ ಡೇರೆಗಳನ್ನು ಸುಟ್ಟು, ಜಡೆಗಳನ್ನು ಕತ್ತರಿಸಿ ಓಡಿಸಿತು.

ಏಳು ಶಿಲಿಂಗ್

ಕೂಲಿಕಾರನ ಹಕ್ಕಿನ ವಿಷಯದಲ್ಲಿ ಆಸ್ಟ್ರೇಲಿಯ ಜಗತ್ತಿಗೆ ದಾರಿ ತೋರಿದ್ದು ಸುಳ್ಳಲ್ಲ. 1856ರ ಏಪ್ರಿಲ್ 21ರಂದು ಮೆಲ್ಬರ್ನಿನ ಕಲ್ಲುಕುಟಿಗರು ಕೈಯ ಉಳಿ ಕೆಳಗಿಟ್ಟು ಸಂಸತ್ ಭವನದತ್ತ ನಡೆದು, ದಿನಕ್ಕೆ ಎಂಟೇ ಗಂಟೆ ಕೆಲಸ ಎಂಬುದನ್ನು ಗೆದ್ದರು. ಎಂಟು ಗಂಟೆ ದುಡಿಮೆ, ಎಂಟು ಗಂಟೆ ಬಿಡುವು, ಎಂಟು ಗಂಟೆ ನಿದ್ದೆ. ಮೂರು ಎಂಟುಗಳ ಸ್ಮಾರಕ ಮೆಲ್ಬರ್ನಿನಲ್ಲಿ ಇಂದಿಗೂ ಇದೆ. ಭಾನುವಾರ ಅಂಗಳದಲ್ಲಿ ಮಾಂಸ ಸುಡುವುದು, ಸಮುದ್ರ ತೀರ, ಕ್ರಿಕೆಟ್ಟು, ಫುಟ್‌ಬಾಲು ಎಂದು ನಾವು ಆಸ್ಟ್ರೇಲಿಯದ ಜೀವನ ಶೈಲಿ ಎನ್ನುವುದೆಲ್ಲ ನಿಂತಿರುವುದು ಆ ಎರಡನೇ ಎಂಟರ ಮೇಲೆ.

1907ರಲ್ಲಿ ನ್ಯಾಯಮೂರ್ತಿ ಹಿಗಿನ್ಸ್ ಮುಂದೆ ಒಂದು ಪ್ರಕರಣ ಬಂತು. ‘ಸನ್‌ಷೈನ್ ಹಾರ್ವೆಸ್ಟರ್’ ಎಂಬ ಕೊಯ್ಲು ಯಂತ್ರದ ಕಾರ್ಖಾನೆಯ ಮಾಲೀಕ ಕೊಡುತ್ತಿರುವ ಕೂಲಿ ನ್ಯಾಯವೇ? ಮಾರುಕಟ್ಟೆಯಲ್ಲಿ ಎಷ್ಟಕ್ಕೆ ಆಳು ಸಿಗುತ್ತಾನೆ ಎಂದು ಹಿಗಿನ್ಸ್ ಕೇಳಲಿಲ್ಲ. ಹೆಂಡತಿ ಮತ್ತು ಮೂವರು ಮಕ್ಕಳಿರುವ ಕೆಲಸಗಾರ ನಾಗರಿಕ ಮನುಷ್ಯನಂತೆ ಬದುಕಲು ಎಷ್ಟು ಬೇಕು ಎಂದು ಕೇಳಿದರು. ಬಾಡಿಗೆ, ದಿನಸಿ, ಸೌದೆಯ ಲೆಕ್ಕ ತೆಗೆದು ದಿನಕ್ಕೆ 7 ಶಿಲಿಂಗ್ ಎಂದು ತೀರ್ಪು ಕೊಟ್ಟರು. ಕನಿಷ್ಠ ವೇತನದ ಚರಿತ್ರೆಯಲ್ಲಿ ಇದೊಂದು ಮೈಲಿಗಲ್ಲು.

ಈ ಏಳು ಶಿಲಿಂಗಿನ ಸುತ್ತ ಒಂದು ಬೇಲಿಯಿತ್ತು. 1901ರಲ್ಲಿ ಆರು ವಸಾಹತುಗಳು ಸೇರಿ ಒಂದು ದೇಶವಾದಾಗ ಹೊಸ ಸಂಸತ್ತು ಮಾಡಿದ ಮೊದಲ ಕಾನೂನುಗಳಲ್ಲಿ ವಲಸೆ ನಿರ್ಬಂಧ ಕಾಯ್ದೆ ಒಂದು. ಕಡಿಮೆ ಕೂಲಿಗೆ ದುಡಿಯುವ ಕಂದು, ಹಳದಿ ಜನ ಬಂದರೆ ನಮ್ಮ ಸಂಬಳ ಇಳಿಯುತ್ತದೆ ಎಂದು ಕಾರ್ಮಿಕ ಸಂಘಗಳೇ ಅದಕ್ಕಾಗಿ ಕೂಗೆಬ್ಬಿಸಿದ್ದವು. ಕ್ವೀನ್ಸ್‌ಲೆಂಡಿನ ಕಬ್ಬಿನ ಗದ್ದೆಗಳಲ್ಲಿ ದುಡಿದ ಪೆಸಿಫಿಕ್ ದ್ವೀಪಗಳವರನ್ನು ವಾಪಸು ಅಟ್ಟುವ ಕಾನೂನೂ ಅದೇ ವರ್ಷದ್ದು. ‘ಬಿಳಿಯರಿಗೆ ಮಾತ್ರ’ ಎಂದು ಬರೆದರೆ ಲಂಡನ್ನಿಗೆ ಮುಜುಗರ. ಹಾಗಾಗಿ ಉಕ್ತಲೇಖನದ ಪರೀಕ್ಷೆ ಇಟ್ಟರು. ಬಂದಿಳಿದವನು ಯುರೋಪಿನ ಭಾಷೆಯೊಂದರಲ್ಲಿ 50 ಪದ ಬರೆಯಬೇಕು. ಯಾವ ಭಾಷೆ ಎಂಬುದು ಅಧಿಕಾರಿಯ ಮರ್ಜಿ. 1934ರಲ್ಲಿ ಎಗಾನ್ ಕಿಶ್ ಎಂಬ ಯುರೋಪಿಯನ್ ಪತ್ರಕರ್ತ ಬಂದ. ಹಿಟ್ಲರ್ ವಿರೋಧಿ, ಹಲವು ಭಾಷೆ ಬಲ್ಲವನು. ಹಡಗಿನಿಂದ ಇಳಿಯಗೊಡದಾಗ ದಕ್ಕೆಗೆ ಧುಮುಕಿ ಕಾಲು ಮುರಿದುಕೊಂಡ. ಕೊನೆಗೆ ಸ್ಕಾಟಿಷ್ ಗೇಲಿಕ್‌ನಲ್ಲಿ ಪರೀಕ್ಷೆ ಕೊಟ್ಟು ಫೇಲು ಮಾಡಿದರು. ಹೈಕೋರ್ಟು ಅದನ್ನು ಕಾಯ್ದೆಯ ಅರ್ಥದಲ್ಲಿ ಯುರೋಪಿನ ಭಾಷೆ ಎನ್ನಲಾಗದು ಎಂದಿತು. ಸ್ಕಾಟ್ಲೆಂಡಿನವರಿಗೆ ಸಿಟ್ಟು ಬಂದದ್ದು ಬೇರೆ ಮಾತು.

ಈ ಬೇಲಿ ಒಂದೇ ದಿನ ಮುರಿಯಲಿಲ್ಲ. ಎರಡನೇ ಮಹಾಯುದ್ಧದ ನಂತರ ಇಟಲಿ, ಗ್ರೀಸ್‌ಗಳಿಂದ ಬಂದವರಿಗೆ ಬಾಗಿಲು ತೆರೆಯಿತು. ಉಕ್ತಲೇಖನ 1958ರಲ್ಲಿ ರದ್ದಾಯಿತು. 1973ರಲ್ಲಿ ವಿಟ್ಲಮ್ ಸರ್ಕಾರ ಉಳಿದದ್ದನ್ನೂ ಕಿತ್ತುಹಾಕಿತು. 2021ರ ಜನಗಣತಿಯಲ್ಲಿ ಹೊರದೇಶದಲ್ಲಿ ಹುಟ್ಟಿದವರ ಪೈಕಿ ಇಂಗ್ಲೆಂಡಿನವರ ನಂತರದ ಸ್ಥಾನ ಭಾರತದವರದು. ಸಿಡ್ನಿಯಲ್ಲೂ ಮೆಲ್ಬರ್ನಿನಲ್ಲೂ ಕನ್ನಡ ಸಂಘಗಳಿವೆ, ಯುಗಾದಿ ರಾಜ್ಯೋತ್ಸವ ನಡೆಯುತ್ತವೆ. 2009ರಲ್ಲಿ ಮೆಲ್ಬರ್ನಿನಲ್ಲಿ ಭಾರತೀಯ ವಿದ್ಯಾರ್ಥಿಗಳ ಮೇಲೆ ಸಾಲು ಸಾಲು ಹಲ್ಲೆಗಳಾದದ್ದೂ ಉಂಟು. ಅವು ಮಾಮೂಲಿ ದರೋಡೆ ಎಂದು ಪೊಲೀಸರು ಮೊದಲಿಗೆ ಹೇಳಿದರು. ಮೇ 31ರಂದು ಸಾವಿರಾರು ವಿದ್ಯಾರ್ಥಿಗಳು ಬೀದಿಗಿಳಿದು ಕೇಳಿದ್ದು ಹೊಸದೇನಲ್ಲ, ವೀಸಾ ಕಾಗದದಲ್ಲಿ ಬರೆದಿರುವುದನ್ನೇ.

ಸೋಲಿನ ಹಬ್ಬ

ಬೇರೆ ದೇಶಗಳು ಗೆದ್ದ ಯುದ್ಧವನ್ನು ನೆನೆಯುತ್ತವೆ. ಆಸ್ಟ್ರೇಲಿಯನ್ನರು ಅತ್ಯಂತ ಪವಿತ್ರವೆಂದು ಭಾವಿಸುವ ದಿನ ಸೋತ ಯುದ್ಧದ್ದು. 1915ರ ಏಪ್ರಿಲ್ 25ರಂದು ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡಿನ ಪಡೆ, ಅಂದರೆ ಆ್ಯನ್ಜಾಕ್, ಟರ್ಕಿಯ ಗಲಿಪೊಲಿ ತೀರದಲ್ಲಿ ಇಳಿಯಿತು. ಎಂಟು ತಿಂಗಳು ಬಂಡೆಗಳಿಗೆ ಅಂಟಿಕೊಂಡು ಹೋರಾಡಿ, ಡಿಸೆಂಬರಿನಲ್ಲಿ ಸದ್ದಿಲ್ಲದೆ ವಾಪಸಾಯಿತು. ಸತ್ತ ಆಸ್ಟ್ರೇಲಿಯನ್ನರು 8 ಸಾವಿರಕ್ಕೂ ಹೆಚ್ಚು.

ಅಲ್ಲಿನ ದಂತಕಥೆಯ ನಾಯಕ ಶತ್ರುವನ್ನು ಕೊಂದವನಲ್ಲ. ಜಾನ್ ಸಿಂಪ್ಸನ್ ಕರ್ಕ್‌ಪ್ಯಾಟ್ರಿಕ್ ಎಂಬ ಆ ಸೈನಿಕ ಗಾಯಾಳುಗಳನ್ನು ಕತ್ತೆಯ ಮೇಲೆ ಕೂರಿಸಿ ಗುಂಡಿನ ಮಳೆಯಲ್ಲಿ ತೀರಕ್ಕೆ ಸಾಗಿಸುತ್ತಿದ್ದ. ಮೇ 19ರಂದು ಗುಂಡಿಗೆ ಬಲಿಯಾದ. ರಾತ್ರಿ ಬಿಡಾರ ಅವನದು ಭಾರತೀಯ ಪರ್ವತ ಫಿರಂಗಿ ದಳದವರ ಜೊತೆ. ಅವರು ಅವನನ್ನು ‘ಬಹಾದುರ್’ ಎನ್ನುತ್ತಿದ್ದರು. ಮೈಸೂರು ಸೈನ್ಯಕ್ಕೂ ಆಸ್ಟ್ರೇಲಿಯನ್ನರಿಗೂ ಮುಂದೆ ನಂಟು ಬೆಸೆಯಿತು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಅಶ್ವದಳದೊಂದಿಗೆ ಹೈಫಾ ಪಟ್ಟಣ ಗೆದ್ದ ಮೈಸೂರು ಲ್ಯಾನ್ಸರ್ಸ್ ಇದ್ದದ್ದು ಆಸ್ಟ್ರೇಲಿಯದ ಸೇನಾನಿ ಹ್ಯಾರಿ ಶೋವೆಲ್ ನೇತೃತ್ವದ ಅಶ್ವಸೈನ್ಯದಲ್ಲಿ.

ಏಪ್ರಿಲ್ 25ರ ಬೆಳಗಿನ ಜಾವ, ಸೂರ್ಯ ಹುಟ್ಟುವ ಮೊದಲು, ಸಣ್ಣ ಸಣ್ಣ ಊರಿನ ಸ್ಮಾರಕದ ಮುಂದೂ ಜನ ಚಳಿಯಲ್ಲಿ ನಿಲ್ಲುತ್ತಾರೆ. ಕಹಳೆ ಊದುತ್ತಾರೆ, ಮೌನ ಆಚರಿಸುತ್ತಾರೆ. ಎದೆಯ ಮೇಲೆ ರೋಸ್‌ಮರಿ ಎಲೆಯ ಕಡ್ಡಿ. ಮಧ್ಯಾಹ್ನ ಪಬ್ಬಿನಲ್ಲಿ ‘ಟೂ ಅಪ್’ ಎಂಬ ನಾಣ್ಯ ಚಿಮ್ಮುವ ಜೂಜು. ನ್ಯೂ ಸೌತ್ ವೇಲ್ಸ್‌ನಲ್ಲಿ ಈ ಜೂಜಿಗೆ ವರ್ಷದಲ್ಲಿ ಕೆಲವೇ ದಿನ ಕಾನೂನಿನ ಅನುಮತಿ, ಅವುಗಳಲ್ಲಿ ಇದು ಮುಖ್ಯ. ಬೆಳಿಗ್ಗೆ ಕಣ್ಣೀರು, ಮಧ್ಯಾಹ್ನ ಜೂಜು: ಆಸ್ಟ್ರೇಲಿಯನ್ನರಿಗೆ ಇದರಲ್ಲಿ ವಿರೋಧಾಭಾಸ ಕಾಣುವುದಿಲ್ಲ.

ಆ ಯುದ್ಧಕ್ಕೆ ಹೋದವರಲ್ಲಿ ಮೂಲನಿವಾಸಿಗಳೂ ಇದ್ದರು. ಕಂದಕದಲ್ಲಿ ಅವರೂ ‘ಮೇಟ್’ ಆಗಿದ್ದರು, ಸಂಬಳವೂ ಸಮಾನ. ಮರಳಿದ ಮೇಲೆ ಸೈನಿಕರಿಗೆಂದು ಸರ್ಕಾರ ಹಂಚಿದ ಜಮೀನು ಮಾತ್ರ ಅವರಲ್ಲಿ ಬಹುತೇಕರಿಗೆ ಸಿಗಲಿಲ್ಲ.

ಮೇಟ್‌ಶಿಪ್ ಎಂಬುದು ಬರೀ ಭಾಷಣದ ಪದವಲ್ಲ ಎಂದು ತೋರುವುದು ಬೇಸಿಗೆಯ ಕಾಡ್ಗಿಚ್ಚಿನಲ್ಲಿ. ಅಲ್ಲಿ ಹಳ್ಳಿಗಾಡಿನ ಬೆಂಕಿ ಆರಿಸುವವರು ಹೆಚ್ಚಾಗಿ ಸಂಬಳವಿಲ್ಲದ ಸ್ವಯಂಸೇವಕರು: ರೈತ, ಮೇಷ್ಟ್ರು, ಅಂಗಡಿಯವ. ನ್ಯೂ ಸೌತ್ ವೇಲ್ಸ್ ಒಂದರಲ್ಲೇ ಇಂಥವರು 70 ಸಾವಿರದಷ್ಟು. 2019–20ರ ಭೀಕರ ಬೆಂಕಿಯಲ್ಲಿ ಅವರಲ್ಲಿ ಕೆಲವರು ಸತ್ತರು. ಅದೇ ಬೇಸಿಗೆ, ಮನೆ ಬಿಟ್ಟು ಬಂದವರಿಗೆ ಸಿಖ್ ಸ್ವಯಂಸೇವಕರು ವ್ಯಾನಿನಲ್ಲಿ ಅನ್ನ, ಸಾರು ಒಯ್ದು ಬಡಿಸಿದರು.

ಒಂದು ಹಿಡಿ ಮಣ್ಣು

ಬಿಳಿಯರ ಸಂಪ್ರದಾಯ ಇನ್ನೂರು ವರ್ಷದ್ದಾದರೆ ಮೂಲನಿವಾಸಿಗಳದು 50 ಸಾವಿರ ವರ್ಷಕ್ಕೂ ಹಳೆಯದು. 1788ರಲ್ಲಿ ಅಲ್ಲಿ 250ಕ್ಕೂ ಹೆಚ್ಚು ಭಾಷೆಗಳಿದ್ದವು. ಅವರ ಸಮಾಜ ನಿಂತಿರುವುದು ನಂಟಿನ ಮೇಲೆ. ಹೊರಗಿನವನೊಬ್ಬ ಊರಲ್ಲಿ ಉಳಿಯುವುದಾದರೆ ಅನೇಕ ಕಡೆ ಅವನಿಗೊಂದು ಕುಲದ ಹೆಸರು ಕೊಡುತ್ತಾರೆ. ಆಗ ಅವನು ಯಾರಿಗೆ ಅಣ್ಣ, ಯಾರಿಗೆ ಮಾವ, ಯಾರೊಡನೆ ಮಾತಾಡಬಹುದು, ಯಾರೆದುರು ತಲೆ ತಗ್ಗಿಸಿ ಸರಿಯಬೇಕು ಎಲ್ಲವೂ ಗೊತ್ತಾಗುತ್ತದೆ. ದಾರಿಹೋಕನನ್ನೂ ಅಣ್ಣ, ಅಕ್ಕ, ಮಾವ ಎನ್ನುವ ನಮ್ಮ ಹಳ್ಳಿಯವರಿಗೆ ಇದು ‘ಮೇಟ್’ಗಿಂತ ಬೇಗ ಅರ್ಥವಾದೀತು. ‘ಮೇಟ್’ ನಂಟನ್ನು ಅಳಿಸಿ ಎಲ್ಲರನ್ನೂ ಒಂದೇ ಮಟ್ಟಕ್ಕೆ ತರುತ್ತದೆ. ಇದು ಪ್ರತಿಯೊಬ್ಬನಿಗೂ ಒಂದು ಜಾಗ ಗೊತ್ತುಮಾಡುತ್ತದೆ. ಸತ್ತವರ ಹೆಸರನ್ನು ಅನೇಕ ಸಮುದಾಯಗಳಲ್ಲಿ ಬಹುಕಾಲ ಉಚ್ಚರಿಸುವುದಿಲ್ಲ. ಈ ಕಾರ್ಯಕ್ರಮದಲ್ಲಿ ತೀರಿಕೊಂಡ ಮೂಲನಿವಾಸಿಗಳ ಚಿತ್ರ, ಧ್ವನಿ ಇರಬಹುದು ಎಂದು ಆಸ್ಟ್ರೇಲಿಯದ ಟೀವಿ ಮೊದಲೇ ಎಚ್ಚರಿಸುವುದು ಇದಕ್ಕಾಗಿಯೇ.

ಹಿಗಿನ್ಸರ ಏಳು ಶಿಲಿಂಗ್ ಇವರನ್ನು ತಲುಪಲಿಲ್ಲ. ಉತ್ತರದ ವೇವ್ ಹಿಲ್ ಎಂಬಲ್ಲಿ ವೆಸ್ಟೀ ಎಂಬ ಬ್ರಿಟಿಷ್ ಕಂಪನಿಯ ದನಗಳ ಬೃಹತ್ ಹುಲ್ಲುಗಾವಲು ಇತ್ತು. ಗುರಿಂಜಿ ಜನ ತಮ್ಮದೇ ನೆಲದಲ್ಲಿ ಹಿಟ್ಟು, ಸಕ್ಕರೆ, ಮಾಂಸದ ತುಣುಕು, ಪುಡಿಗಾಸಿಗೆ ದನ ಕಾಯುತ್ತಿದ್ದರು. 1966ರ ಮಾರ್ಚಿನಲ್ಲಿ ವೇತನ ಆಯೋಗ ಇವರಿಗೂ ಸಮಾನ ಕೂಲಿ ಎಂದಿತು, ಆದರೆ ಜಾರಿ 1968ರ ಡಿಸೆಂಬರಿನಿಂದ. ಆಗಸ್ಟ್ 23ರಂದು ವಿನ್ಸೆಂಟ್ ಲಿಂಗಿಯಾರಿ ಎಂಬ ಹಿರಿಯನ ಹಿಂದೆ ಸುಮಾರು 200 ಮಂದಿ, ಹೆಂಗಸರು ಮಕ್ಕಳು ಸಮೇತ, ಕೆಲಸ ಬಿಟ್ಟು ನಡೆದರು. ಕೂಲಿಗಾಗಿ ಎಂದು ಎಲ್ಲರೂ ತಿಳಿದರು. ಅವರು ಕೇಳಿದ್ದು ನೆಲ. ಒಂಬತ್ತು ವರ್ಷ ಹಟ ಹಿಡಿದು ಕೂತರು. 1975ರ ಆಗಸ್ಟ್ 16ರಂದು ಪ್ರಧಾನಿ ಗಾಫ್ ವಿಟ್ಲಮ್ ಅಲ್ಲಿಗೇ ಹೋಗಿ, ಒಂದು ಹಿಡಿ ಕೆಂಪು ಮಣ್ಣನ್ನು ಲಿಂಗಿಯಾರಿಯ ಅಂಗೈಗೆ ಸುರಿದರು. ಆ ಚಿತ್ರ ತೆಗೆದವರು ಮೂಲನಿವಾಸಿ ಪತ್ರಿಕಾ ಛಾಯಾಗ್ರಾಹಕ ಮರ್ವಿನ್ ಬಿಷಪ್. ನಿಜವಾದ ಸಮಾರಂಭ ಚಪ್ಪರದ ನೆರಳಲ್ಲಿ ನಡೆದದ್ದರಿಂದ, ಹೊರಗೆ ಬಿಸಿಲಿಗೆ ಬಂದು ಇನ್ನೊಮ್ಮೆ ಸುರಿಯಿರಿ ಎಂದು ಪ್ರಧಾನಿಯನ್ನು ಕೇಳಿಕೊಂಡರಂತೆ. ದೇಶದ ಮನಸ್ಸಿನಲ್ಲಿ ಉಳಿದಿರುವುದು ಎರಡನೇ ಹಿಡಿ ಮಣ್ಣು.

1967ರ ಮೇ 27ರ ಜನಮತಗಣನೆಯಲ್ಲಿ ಶೇ 90ಕ್ಕೂ ಹೆಚ್ಚು ಮಂದಿ ಮೂಲನಿವಾಸಿಗಳನ್ನು ಜನಗಣತಿಯ ಲೆಕ್ಕಕ್ಕೆ ಸೇರಿಸಲು ಮತ್ತು ಅವರಿಗಾಗಿ ಕಾನೂನು ಮಾಡುವ ಅಧಿಕಾರವನ್ನು ಕೇಂದ್ರಕ್ಕೆ ಕೊಡಲು ಒಪ್ಪಿದರು. ನೆಲದ ಪ್ರಶ್ನೆ ಉಳಿಯಿತು. ಎಡ್ಡಿ ಮಾಬೊ ಎಂಬಾತ ಟೌನ್ಸ್‌ವಿಲ್ ವಿಶ್ವವಿದ್ಯಾಲಯದಲ್ಲಿ ತೋಟದ ಮಾಲಿ. ಮರ್ರೆ ದ್ವೀಪದಲ್ಲಿರುವ ತನ್ನ ಅಪ್ಪ ಅಜ್ಜಂದಿರ ಜಮೀನು ಕಾನೂನಿನ ಪ್ರಕಾರ ತನ್ನದಲ್ಲ, ರಾಣಿಯದು ಎಂದು ಅಲ್ಲಿನ ಅಧ್ಯಾಪಕರಿಂದ ತಿಳಿದು ದಂಗಾದ. 1982ರಲ್ಲಿ ಜೊತೆಯವರೊಡನೆ ದಾವೆ ಹೂಡಿದ. 1992ರ ಜೂನ್ 3ರಂದು ಹೈಕೋರ್ಟು, ಬ್ರಿಟಿಷರು ಬಂದಾಗ ಅದು ಯಾರದೂ ಅಲ್ಲದ ನೆಲ ಎಂಬ ವಾದವನ್ನು ತಳ್ಳಿಹಾಕಿತು. ತೀರ್ಪು ಕೇಳಲು ಮಾಬೊ ಇರಲಿಲ್ಲ. ಆ ಜನವರಿಯಲ್ಲೇ ತೀರಿಕೊಂಡಿದ್ದ. ತಾಯಂದಿರ ಮಡಿಲಿನಿಂದ ಸರ್ಕಾರ ಕಿತ್ತೊಯ್ದು ಬೆಳೆಸಿದ ಮೂಲನಿವಾಸಿ ಮಕ್ಕಳ ತಲೆಮಾರುಗಳಿಗೆ ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2008ರ ಫೆಬ್ರುವರಿ 13ರಂದು. 2021ರ ಹೊಸ ವರ್ಷದ ದಿನ ರಾಷ್ಟ್ರಗೀತೆಯಲ್ಲಿ ದೇಶವನ್ನು ಎಳೆಯದು ಎನ್ನುವ ಪದವನ್ನು ತೆಗೆದು, ಒಂದಾಗಿರುವ ದೇಶ ಎಂಬ ಅರ್ಥದ ಪದ ಹಾಕಿದರು.

ಜನವರಿ 26 ನಮಗೆ ಗಣರಾಜ್ಯೋತ್ಸವ, ಅವರಿಗೆ ಆಸ್ಟ್ರೇಲಿಯ ದಿನ. ಹೊಸದಾಗಿ ಪೌರತ್ವ ಪಡೆಯುವ ನಮ್ಮವರು ಅನೇಕರು ಪ್ರಮಾಣ ವಚನ ಸ್ವೀಕರಿಸುವುದೂ ಅದೇ ದಿನ. ಮೂಲನಿವಾಸಿ ನಾಯಕರು 1938ರಲ್ಲೇ ಸಿಡ್ನಿಯಲ್ಲಿ ಅದನ್ನು ಶೋಕದಿನವಾಗಿ ಆಚರಿಸಿದ್ದರು. ಇಂದು ಒಂದು ಬೀದಿಯಲ್ಲಿ ಬಾವುಟ, ಬಾರ್ಬಿ. ಇನ್ನೊಂದು ಬೀದಿಯಲ್ಲಿ ‘ಆಕ್ರಮಣ ದಿನ’ದ ಮೆರವಣಿಗೆ.

2023ರ ಅಕ್ಟೋಬರ್ 14ರಂದು ಮತ್ತೊಂದು ಜನಮತಗಣನೆ ನಡೆಯಿತು. ತಮಗೆ ಸಂಬಂಧಿಸಿದ ವಿಷಯಗಳಲ್ಲಿ ಸಂಸತ್ತಿಗೆ ಸಲಹೆ ಕೊಡುವ ಮೂಲನಿವಾಸಿಗಳ ಮಂಡಳಿಯೊಂದು ಸಂವಿಧಾನದಲ್ಲೇ ಇರಬೇಕೆ? ಬೇಕೆಂದವರು ಇದೇ ‘ಫೇರ್ ಗೋ’ ಎಂದರು. ಬೇಡವೆಂದವರೂ ಅದನ್ನೇ ಹೇಳಿದರು: ಎಲ್ಲರೂ ಸಮಾನರಾದ ದೇಶದಲ್ಲಿ ಜನಾಂಗದ ಆಧಾರದ ಮೇಲೆ ಒಂದು ಗುಂಪಿಗೆ ಪ್ರತ್ಯೇಕ ಸ್ಥಾನ ನ್ಯಾಯವೇ? ಬೇಡವೆಂದವರ ಮುಂದಾಳುಗಳಲ್ಲಿ ಸೆನೆಟರ್ ಜಸಿಂತಾ ಪ್ರೈಸ್‌ರಂಥ ಮೂಲನಿವಾಸಿಗಳೂ ಇದ್ದರು. ಸುಮಾರು ಶೇ 60 ಮತ ‘ಬೇಡ’ ಎಂದು ಬಿತ್ತು. ಆರು ರಾಜ್ಯಗಳಲ್ಲಿ ಒಂದೂ ಒಪ್ಪಲಿಲ್ಲ. ಮೀಸಲಾತಿ ಕುರಿತ ನಮ್ಮ ಜಗಳಗಳನ್ನು ವರ್ಷಗಟ್ಟಲೆ ಕೇಳಿದವರಿಗೆ ಅಲ್ಲಿನ ಎರಡೂ ಕಡೆಯ ವಾದಗಳು ಎಲ್ಲೋ ಕೇಳಿದಂತಿವೆ.

ಮೈದಾನದಲ್ಲಿ

ನಮ್ಮವರು ಆಸ್ಟ್ರೇಲಿಯನ್ನರನ್ನು ಅರಿತದ್ದು ಹೆಚ್ಚಾಗಿ ಕ್ರಿಕೆಟ್ಟಿನ ಮೂಲಕ. 2008ರ ಸಿಡ್ನಿ ಟೆಸ್ಟ್ ಮುಗಿದಾಗ, ಒಂದೇ ತಂಡ ಆಟದ ಮರ್ಯಾದೆಗೆ ತಕ್ಕಂತೆ ಆಡಿತು ಎಂದು ನಾಯಕ ಅನಿಲ್ ಕುಂಬ್ಳೆ ಹೇಳಿದ ಮಾತು ಇಲ್ಲಿ ಮನೆಮಾತಾಯಿತು. ಬೈಗುಳವನ್ನೂ ಆಟದ ಭಾಗವೆನ್ನುವ ಅದೇ ಜನ, 1981ರಲ್ಲಿ ಕೊನೆಯ ಚೆಂಡನ್ನು ನೆಲದಲ್ಲಿ ಉರುಳಿಸಿ ನ್ಯೂಜಿಲೆಂಡನ್ನು ಸೋಲಿಸಿದಾಗ, 2018ರಲ್ಲಿ ಕೇಪ್‌ಟೌನಿನಲ್ಲಿ ತಮ್ಮ ಆಟಗಾರರು ಮರಳು ಕಾಗದದಿಂದ ಚೆಂಡು ಉಜ್ಜಿದಾಗ ನಾಚಿಕೆಯಿಂದ ಕುದಿದರು. ಎರಡು ಸಲವೂ ಪ್ರಧಾನಿಗಳೇ ಬಾಯಿ ಬಿಟ್ಟು ಖಂಡಿಸಿದರು.

ಇಂಗ್ಲೆಂಡ್ ಪ್ರವಾಸ ಮಾಡಿದ ಆಸ್ಟ್ರೇಲಿಯದ ಮೊಟ್ಟಮೊದಲ ಕ್ರಿಕೆಟ್ ತಂಡ 1868ರದು, ಮೂಲನಿವಾಸಿ ಆಟಗಾರರದು. ಹೆಚ್ಚಿನವರು ವಿಕ್ಟೋರಿಯದ ಪಶ್ಚಿಮ ಭಾಗದಲ್ಲಿ ಕುರಿ ಸಾಕುವ ಕಡೆ ದುಡಿಯುತ್ತಿದ್ದವರು. 47 ಪಂದ್ಯ ಆಡಿ 14 ಗೆದ್ದರು, 14 ಸೋತರು, 19 ಡ್ರಾ ಆದವು. ಕಿಂಗ್ ಕೋಲ್ ಎಂದು ಕರೆಯುತ್ತಿದ್ದ ಆಟಗಾರ ಕ್ಷಯದಿಂದ ಲಂಡನ್ನಿನಲ್ಲೇ ಸತ್ತ. ಜಾನಿ ಮುಲ್ಲಾ ಎಂಬವನು ಆ ಪ್ರವಾಸದಲ್ಲಿ ಬ್ಯಾಟಿನಲ್ಲೂ ಬೌಲಿನಲ್ಲೂ ಮೆರೆದ. ತಂಡ ಮರಳಿದ ಮರುವರ್ಷ, 1869ರಲ್ಲಿ, ಮೂಲನಿವಾಸಿಗಳು ಎಲ್ಲಿ ವಾಸಿಸಬೇಕು, ಎಲ್ಲಿ ದುಡಿಯಬೇಕು ಎಂಬುದನ್ನು ಸರ್ಕಾರವೇ ನಿರ್ಧರಿಸುವ ಕಾನೂನು ವಿಕ್ಟೋರಿಯದಲ್ಲಿ ಬಂತು. ಅಂಥ ಇನ್ನೊಂದು ಪ್ರವಾಸ ಬಹುಕಾಲ ಆಗಲಿಲ್ಲ. ಮುಲ್ಲಾ ಹಳ್ಳಿಗೆ ಮರಳಿ ಕ್ಲಬ್ಬಿಗೆ ಆಡುತ್ತ 1891ರಲ್ಲಿ ತೀರಿಕೊಂಡ. ಮೆಲ್ಬರ್ನಿನ ಬಾಕ್ಸಿಂಗ್ ಡೇ ಟೆಸ್ಟಿನ ಶ್ರೇಷ್ಠ ಆಟಗಾರನಿಗೆ ಅವನ ಹೆಸರಿನ ಪದಕ ಕೊಡಲು ಶುರು ಮಾಡಿದ್ದು 2020ರಲ್ಲಿ. ಆ ಡಿಸೆಂಬರಿನಲ್ಲಿ ಭಾರತ ಎಂಟು ವಿಕೆಟ್‌ಗಳಿಂದ ಗೆದ್ದಿತು. ಮೊದಲ ಮುಲ್ಲಾ ಪದಕ 112 ರನ್ ಹೊಡೆದ ಅಜಿಂಕ್ಯ ರಹಾನೆಯ ಕೊರಳಿಗೆ ಬಿತ್ತು.